ಫ್ಲೂ ಸೂಜಿ: ಆಯಾ ಹೆಸರು ಲಿಸ್ಟಿನಲ್ಲಿದೆಯೇ?

“ಹೋದ ವರ್ಷ ಹಾಕಿಸ್ಕೊಂಡಿದ್ನಲ್ಲ ಸಾರ್, ಮತ್ತೆ ಯಾಕೆ?” ಫ್ಲೂ ಲಸಿಕೆ ಎಂದೊಡನೆ ಆಸ್ಪತ್ರೆ ಸಿಬ್ಬಂದಿ ಕೇಳುವ ಪ್ರಶ್ನೆ ಇದು. ಕೇಳಬೇಕಾದ್ದೇ. ತಾಳ್ಮೆಯಿಂದ ಉತ್ತರ ಹೇಳುವವರು ಬೇಕು, ಅಷ್ಟೆ.

ಸೂಜಿ ಚುಚ್ಚಿದ ಸುಮಾರು ಎರಡು ವಾರಕ್ಕೆ ರಕ್ತದಲ್ಲಿ ಪ್ರತಿಕಾಯಗಳು ತಯಾರಾಗುತ್ತವೆ. ಆರು ತಿಂಗಳು ಕಳೆಯುವಷ್ಟರಲ್ಲಿ ಅವು ಇಳಿಮುಖ. ಅತ್ತ ವೈರಸ್ಸೂ ವೇಷ ಬದಲಿಸುತ್ತಿರುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಫೆಬ್ರುವರಿಯಲ್ಲೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ ಕೂತು ಲಸಿಕೆಗೆ ಯಾವ ತಳಿ ಎಂದು ತೀರ್ಮಾನಿಸುವುದು. ವರ್ಷವರ್ಷವೂ ಹಾಕಿಸಿಕೊಂಡವರಲ್ಲಿ ಪ್ರತಿಕಾಯದ ಏರಿಕೆ ಕೆಲವೊಮ್ಮೆ ಕಡಿಮೆ ಕಾಣುವುದುಂಟು. ಹಾಗಂತ ಸೂಜಿ ದಂಡವಾಯ್ತು ಅನ್ನೋ ಹಾಗಿಲ್ಲ. ತಳಿ ಸರಿಯಾಗಿ ಹೊಂದಿದ ವರ್ಷವೂ ರಕ್ಷಣೆ ಶೇಕಡಾ 40ರಿಂದ 60 ಮಾತ್ರ. ಹಾಕಿಸಿಕೊಂಡವರಿಗೂ ಜ್ವರ ಬರಬಹುದು. ಐಸಿಯು ಸೇರುವ ಸಂಭವ ಕಡಿಮೆ.

2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ ವೃದ್ಧರೊಬ್ಬರು ಎಚ್3ಎನ್2 ಫ್ಲೂವಿನಿಂದ ತೀರಿಕೊಂಡಾಗ ಸರ್ಕಾರ ಆಸ್ಪತ್ರೆಯವರಿಗೆ ಮಾಸ್ಕ್ ಕಡ್ಡಾಯ ಎಂದಿತು, ಲಸಿಕೆಯ ಮಾತನ್ನೂ ಆಡಿತು. ನಮ್ಮಲ್ಲಿ ಫ್ಲೂ ಏರುವುದು ಮಳೆಗಾಲಕ್ಕೆ, ಮತ್ತೆ ಜನವರಿ-ಮಾರ್ಚ್‌ಗೆ. ರೋಗಿಗಳು ಸಾಲುಗಟ್ಟಿದ ಮೇಲೆ ತೋಳು ಚಾಚಿದರೆ ಆ ಎರಡು ವಾರ ಯಾರು ಕೊಡ್ತಾರೆ?

ಲಸಿಕೆ ಅಂದರೆ ಡಾಕ್ಟರು, ನರ್ಸಮ್ಮ ನೆನಪಾಗುತ್ತಾರೆ. ಸರಿಯೇ. ಆದರೆ ಕಫದ ಬಟ್ಟಲು ಎತ್ತುವ ಆಯಾ, ಸ್ಟ್ರೆಚರ್ ತಳ್ಳುವ ಗುತ್ತಿಗೆ ಹುಡುಗ, ಚೀಟಿ ಬರೆಯುವ ಗುಮಾಸ್ತ? ಕೆಮ್ಮು ಮೊದಲು ತಾಗುವುದು ಇವರ ಮುಖಕ್ಕೇ. ಮೇ ಮುಗಿಯುವುದರೊಳಗೆ ಇವರಲ್ಲಿ ಎಷ್ಟು ಮಂದಿಗೆ ಸೂಜಿ ಬೀಳುತ್ತದೆ, ಆರೋಗ್ಯಾಧಿಕಾರಿಗಳು ಲೆಕ್ಕ ಹೇಳಲಿ.