ಕಣ್ಣು ತಡವಾಗಿ ಕಂಡರೆ

ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿ, ಹುಟ್ಟಿನಿಂದಲೇ ಇದ್ದ ಪೊರೆಯನ್ನು ತಡವಾಗಿ ತೆಗೆಸಿಕೊಂಡವರ ಮಿದುಳಿನ ವಿದ್ಯುತ್ ಸ್ಪಂದನೆಯನ್ನು ಬ್ರಿಗಿಟೆ ರೋಡರ್ ಮತ್ತು ಸಂಗಡಿಗರು ಅಳೆದರು. 2013ರ ಅವರ ವರದಿಯ ಪ್ರಕಾರ, ನೋಡಿದ್ದು ಮುಖವಾಗಲಿ ಮನೆಯಾಗಲಿ, ಆರಂಭದ ಒಂದು ಸ್ಪಂದನೆಯಲ್ಲಿ ವ್ಯತ್ಯಾಸವಿರಲಿಲ್ಲ. ಶೈಶವದಲ್ಲಿ ಕಣ್ಣು ಕಂಡು, ಆಮೇಲೆ ಪೊರೆ ಬಂದವರ ಮಿದುಳು ಮಾತ್ರ ಮುಖಕ್ಕೆ ಬೇರೆಯಾಗಿಯೇ ಸ್ಪಂದಿಸಿತು. ಯಾರಿಗೂ ನೆನಪಿರದ ತಿಂಗಳುಗಳಲ್ಲಿ ನಡೆದ ಕಲಿಕೆ ಅದು. (ಕಿವಿಯದೂ ಹೆಚ್ಚುಕಡಿಮೆ ಇದೇ ಕಥೆ, ಳಕಾರ ಕೇಳದೆ ಬೆಳೆದವರಿಗೆ ‘ಹಲ್ಲಿ’, ‘ಹಳ್ಳಿ’ ಎರಡೂ ಒಂದೇ.)

ತಡವಾದ ಆಪರೇಷನ್ ವ್ಯರ್ಥವಲ್ಲ, ನೋಟ ಸಾಕಷ್ಟು ಮರಳುತ್ತದೆ. ಆದರೂ ‘ಮಗು ಸ್ವಲ್ಪ ದೊಡ್ಡದಾಗಲಿ’ ಎನ್ನುವ ಹಿರಿಯರ ಅಕ್ಕರೆ ಇಲ್ಲಿ ದುಬಾರಿ. ಪಾಪೆಯೊಳಗಿನ ಕೆಂಪು ಹೊಳಪನ್ನು ಪರೀಕ್ಷಿಸಲು ಹೆಚ್ಚು ಹೊತ್ತು ಬೇಡ. ಹೆರಿಗೆ ಆಸ್ಪತ್ರೆಯಿಂದ ಹೊರಡುವ ಮುನ್ನ ಅದನ್ನು ಕೇಳಿ ಮಾಡಿಸಿಕೊಳ್ಳಬೇಕು.