ದೊರೆಯ ಸಾವೂ ದಂಡಿನ ಗುಟ್ಟೂ

ಅರ್ಮಾಂಡೊ ಇಯನೂಚಿಯವರು 2017ರಲ್ಲಿ ತೆರೆಗೆ ತಂದ ‘ದಿ ಡೆತ್ ಆಫ್ ಸ್ಟ್ಯಾಲಿನ್’ ಚಿತ್ರವನ್ನು ಈಚೆಗೆ ನೋಡಿದೆ. ಅದು ಸಾವಿನ ಮನೆಯ ಕಥೆ. ಆದರೂ ನಗು ತಡೆಯುವುದಿಲ್ಲ, ನಕ್ಕ ಮೇಲೆ ಮನಸ್ಸು ಅಳುಕುತ್ತದೆ. 1953ರ ಮಾರ್ಚ್ 1ರಂದು ಸ್ಟ್ಯಾಲಿನ್ ತನ್ನ ಕೋಣೆಯಲ್ಲಿ ಕುಸಿದುಬಿದ್ದಾಗ, ಅಪ್ಪಣೆಯಿಲ್ಲದೆ ಒಳಹೊಕ್ಕರೆ ಏನಾದೀತೋ ಎಂದು ಕಾವಲುಗಾರರು ತಾಸುಗಟ್ಟಲೆ ಹೊರಗೇ ಉಳಿದರು. ನುರಿತ ವೈದ್ಯರಲ್ಲಿ ಹಲವರು ಆತನದೇ ಸೆರೆಮನೆಯಲ್ಲಿದ್ದರು. ಮಾರ್ಚ್ 5ರಂದು ಆತ ತೀರಿಕೊಂಡ. ಜೂನ್‌ನಲ್ಲಿ ಗುಪ್ತಪೊಲೀಸಿನ ಒಡೆಯ ಬೆರಿಯಾನನ್ನು ಸಂಗಡಿಗರೇ ಹಿಡಿದರು, ಡಿಸೆಂಬರ್‌ನಲ್ಲಿ ಕೊಂದರು. ಚಿತ್ರವು ಈ ತಿಂಗಳುಗಳನ್ನು ಕೆಲವೇ ದಿನಗಳಿಗೆ ಇಳಿಸಿದೆ; ಆದರೆ ಭಯವನ್ನು ಹಿಗ್ಗಿಸಿ ತೋರಿಸಿಲ್ಲ. 2018ರ ಜನವರಿಯಲ್ಲಿ ರಷ್ಯಾ ಸರ್ಕಾರವು ಈ ಚಿತ್ರಕ್ಕೆ ಕೊಟ್ಟಿದ್ದ ಅನುಮತಿಯನ್ನು ಹಿಂತೆಗೆದುಕೊಂಡಿತು.

ಮಾಸ್ಕೋ ನಗರಕ್ಕೂ ನಾನಿರುವ ಕುದಾಪುರಕ್ಕೂ ಎತ್ತಣ ಸಂಬಂಧ ಎಂದು ವಾಚಕರು ಕೇಳಬಹುದು. ನಮ್ಮ ಸುತ್ತಲಿನದು ಅಮೃತಮಹಲ್ ಕಾವಲು. ಆ ತಳಿಯ ಎತ್ತುಗಳು ಹೈದರ್ ಅಲಿಯ ದಂಡಿನ ಸಾಮಾನು ಎಳೆದವು. ಅದೇ ದಂಡಿನ ಬಿಡಾರದಲ್ಲಿ ಇಂತಹದೇ ಒಂದು ಪ್ರಸಂಗ ನಡೆದಿತ್ತು.

1782ರ ಡಿಸೆಂಬರ್ 7ರಂದು ಚಿತ್ತೂರಿನ ಸಮೀಪ ಹೈದರನು ತೀರಿಕೊಂಡಾಗ ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದ. ಎದುರಿಗೆ ಇಂಗ್ಲಿಷರ ಸೈನ್ಯ. ಪೂರ್ಣಯ್ಯ, ಕೃಷ್ಣರಾವ್ ಮೊದಲಾದ ಮಂತ್ರಿಗಳು ಸುದ್ದಿಯನ್ನು ಮುಚ್ಚಿಟ್ಟರು. ದೇಹವನ್ನು ಪೆಟ್ಟಿಗೆಯಲ್ಲಿರಿಸಿ, ಬೆಲೆಬಾಳುವ ಸೂರೆಯೆಂಬಂತೆ ಕಾವಲಿನೊಡನೆ ಕೋಲಾರಕ್ಕೆ ಸಾಗಿಸಿದರು. ಆದರೂ ಗುಟ್ಟು ಕೆಲವರಿಗೆ ತಿಳಿಯಿತು. ಹೈದರನ ಬಂಧು ಮಹಮ್ಮದ್ ಅಮೀನನು, ಟಿಪ್ಪುವಿನ ತಮ್ಮ ಕರೀಮನನ್ನು ಗದ್ದುಗೆಗೇರಿಸಿ ಅವನ ಹೆಸರಿನಲ್ಲಿ ತಾನೇ ಆಳುವ ಹವಣಿಕೆ ನಡೆಸಿ ಸಿಕ್ಕಿಬಿದ್ದನೆಂದು ವಿಲ್ಕ್ಸ್ ತನ್ನ ಚರಿತ್ರೆಯಲ್ಲಿ ಬರೆಯುತ್ತಾನೆ. 1783ರ ಜನವರಿಯ ಆರಂಭದಲ್ಲಿ ಟಿಪ್ಪು ಬಂದು ಸೇರಿದ. ಅದೇ ತಿಂಗಳು, ಹೊಸ ದೊರೆಗೆ ಅಂಜಿದ ಅಯಾಜನು ತನ್ನ ವಶದಲ್ಲಿದ್ದ ಬಿದನೂರನ್ನು ಇಂಗ್ಲಿಷರಿಗೆ ಒಪ್ಪಿಸಿದ.

ಪೂರ್ಣಯ್ಯನ ಜಾಣತನಕ್ಕೆ ತಲೆದೂಗಲೇಬೇಕು. ಮಾಸ್ಕೋದಲ್ಲಿ ನಡೆದ ಗೊಂದಲ ಇಲ್ಲಿ ನಡೆಯಲಿಲ್ಲ. ಆದರೆ ಬೇನೆ ಒಂದೇ ಎಂದು ನನ್ನ ಎಣಿಕೆ. ಇಡೀ ರಾಜ್ಯವು ಒಬ್ಬನ ಉಸಿರಿಗೆ ಜೋತುಬಿದ್ದಾಗ ಅವನ ಸಾವು ರಾಜ್ಯದ ಗುಟ್ಟಾಗುತ್ತದೆ. ನಿಜವನ್ನು ನುಡಿಯುವುದು ದ್ರೋಹವಾಗುತ್ತದೆ. ಎರಡು ಕಡೆಯೂ ‘ಮುಂದೆ ಯಾರು?’ ಎಂಬ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವ ಜಾಗವಿರಲಿಲ್ಲ. ಆದ್ದರಿಂದಲೇ ಅದು ಗುಡಾರದ ಹಿಂದೆ, ಪಿಸುದನಿಯಲ್ಲಿ ಇತ್ಯರ್ಥವಾಗಬೇಕಾಯಿತು.

1964ರ ಮೇ 27ರಂದು ನೆಹರೂ ನಿಧನರಾದರು. ಅದೇ ದಿನ ಗುಲ್ಜಾರಿಲಾಲ್ ನಂದಾ ಹಂಗಾಮಿ ಪ್ರಧಾನಿಯಾದರು. ಜೂನ್ 9ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಅಧಿಕಾರ ವಹಿಸಿಕೊಂಡರು. ಆಗಲೂ ಒಳಗೊಳಗೇ ಸ್ಪರ್ಧೆ ಇದ್ದೇ ಇತ್ತು. ಆದರೆ ಸುದ್ದಿಯನ್ನು ಪೆಟ್ಟಿಗೆಯಲ್ಲಿಟ್ಟು ಸಾಗಿಸಬೇಕಾಗಲಿಲ್ಲ, ಸೋತವರು ತಲೆ ಕಳೆದುಕೊಳ್ಳಲಿಲ್ಲ. ಸಪ್ಪೆಯಾದ ಈ ಕ್ರಮದಿಂದ ನಗೆಚಿತ್ರ ಹುಟ್ಟಲಾರದು. ಅದೇ ಅದರ ಹೆಚ್ಚುಗಾರಿಕೆ.

ಇಂದು ಕುದಾಪುರದ ಕಾವಲಿನಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳು ಎದ್ದಿವೆ. ಹುಲ್ಲುಗಾವಲನ್ನು ಕೊಟ್ಟ ಬಗೆಯನ್ನು ಪ್ರಶ್ನಿಸಿ ಕೆಲವರು ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿದರು. ಯಾರ ವಾದ ಸರಿ ಎಂಬುದು ಬೇರೆ ಮಾತು. ಕೇಳಿದವರು ಊರಿಗೆ ಮರಳಿ ಎಂದಿನಂತೆ ಸಂತೆಗೆ ಹೋದರಲ್ಲ, ಅದನ್ನು ಹಗುರವಾಗಿ ಎಣಿಸಬಾರದು. ಕರೆಯಿಲ್ಲದೆಯೂ ಬಾಗಿಲು ತೆರೆದು ಒಳಗಿರುವವನು ಹೇಗಿದ್ದಾನೆಂದು ನೋಡುವ ಧೈರ್ಯ ಜನರಲ್ಲಿ ಉಳಿಯಬೇಕು.