ಬಂದೂಕಿನ ಕಿಟ್ ಬಿಡಿ, ಬೇಲಿಯ ಕಿಟ್ ನೋಡಿ

ಕಾಡುಹಂದಿ ಹಿಂಡು ಒಂದು ರಾತ್ರಿ ಮೆಕ್ಕೆಜೋಳಕ್ಕೆ ಇಳಿದರೆ ಬೆಳಿಗ್ಗೆ ಹೊಲದ ಕಡೆ ನೋಡೋಕೆ ಆಗಲ್ಲ. ತಿನ್ನೋದು ಸ್ವಲ್ಪ, ಕೆಡವೋದೇ ಜಾಸ್ತಿ. ಆ ಸಿಟ್ಟಲ್ಲಿ ಫೋನ್ ತೆರೆದರೆ ಅಮೆರಿಕದ ವಿಡಿಯೊಗಳು ಸಾಲಾಗಿ ಬರುತ್ತವೆ. ಬಿಡಿಭಾಗ ತರಿಸಿ ಮನೆಯಲ್ಲೇ ರೈಫಲ್ ಜೋಡಿಸೋದು, ಅದರಲ್ಲೇ ಹಂದಿ ಹೊಡೆಯೋದು. ಹಾಗಾದರೆ ಮೊದಲ ಸಲ ಕಟ್ಟೋರು ಯಾವ ಕಿಟ್ ತಗೋಬೇಕು? ನಮ್ಮ ರೈತರ ಮಟ್ಟಿಗೆ ನನ್ನ ಉತ್ತರ ನೇರ: ಯಾವುದೂ ಬೇಡ. ಅದೇ ಕೈಚಳಕ, ಅದೇ ಹಣ ಸೋಲಾರ್ ಬೇಲಿಗೆ ಹಾಕಿ.

ಆ ವಿಡಿಯೊದಲ್ಲಿ ಹೇಳದ ಮಾತುಗಳಿವೆ. ಟೆಕ್ಸಾಸ್‌ನಲ್ಲಿ ಕಾಟ ಕೊಡುವ ಹಂದಿ ಅಲ್ಲಿನ ಮೂಲ ಪ್ರಾಣಿಯಲ್ಲ, ಸಾಕಿದ್ದು ಕಾಡು ಸೇರಿ ಹಬ್ಬಿದ್ದು. ಅದಕ್ಕೆ ಅಲ್ಲಿ ರಕ್ಷಣೆ ಇಲ್ಲ. ಬಂದೂಕಿನ ವಿಷಯದಲ್ಲೂ ಪೂರ್ತಿ ಸಡಿಲ ಅಂದ್ಕೋಬೇಡಿ. ಎಆರ್-15 ಮಾದರಿಯಲ್ಲಿ ಲೋವರ್ ರಿಸೀವರ್ ಅನ್ನೋ ಒಂದು ಭಾಗವನ್ನೇ ಅಲ್ಲಿನ ಕಾನೂನು ಬಂದೂಕು ಅಂತ ಲೆಕ್ಕ ಹಾಕುತ್ತದೆ. ಅರ್ಧಂಬರ್ಧ ತಯಾರಾದ ಕಿಟ್‌ಗಳ ಮೇಲೆ 2022ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ನಿಯಮ ತಂದಿತು, 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಇಲ್ಲಿ? 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ 'ಶಸ್ತ್ರ' ಅನ್ನೋ ಪದದೊಳಗೆ ಅದರ ಬಿಡಿಭಾಗಗಳೂ ಸೇರಿವೆ. 'ಜೋಡಿಸಿಲ್ಲ ಸಾರ್, ಪಾರ್ಟ್ಸ್ ಮಾತ್ರ ಇತ್ತು' ಅನ್ನೋ ಮಾತು ನಡೆಯಲ್ಲ. ಲೈಸೆನ್ಸ್ ಇಲ್ಲದೆ ತಯಾರಿಸಿದರೆ 2019ರ ತಿದ್ದುಪಡಿ ನಂತರ ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ. ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ ಅಂತೀರಾ? ಅದು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕು ಇಟ್ಟುಕೊಳ್ಳೋಕೆ ಕೊಟ್ಟಿದ್ದು, ಮನೆಯಲ್ಲಿ ತಯಾರಿಸೋಕೆ ಅಲ್ಲ. ಬೆಳೆ ರಕ್ಷಣೆಗೆ ಬಂದೂಕು ಬೇಕೇ ಬೇಕು ಅಂದರೆ ಲೈಸೆನ್ಸಿಗೆ ಅರ್ಜಿ ಹಾಕಿ. ಅದು ಸಿಕ್ಕರೂ ಹಂದಿ ಹೊಡೆಯೋ ಅನುಮತಿ ಸಿಕ್ಕ ಹಾಗಲ್ಲ, ವನ್ಯಜೀವಿ ಕಾಯ್ದೆ ಬೇರೆ ಇದೆ. ನಾಡಬಂದೂಕು ಕಟ್ಟಿಸಿಕೊಂಡು ಕತ್ತಲಲ್ಲಿ ಪೊದೆ ಅಲ್ಲಾಡಿದ ಕಡೆ ಗುಂಡು ಹಾರಿಸಿ, ಹಂದಿ ಅಂದುಕೊಂಡು ಮನುಷ್ಯರನ್ನೇ ಕೊಂದ ಪ್ರಕರಣಗಳನ್ನು ಪೇಪರ್‌ನಲ್ಲಿ ನೀವೂ ಓದಿದ್ದೀರಿ.

ಇನ್ನು ಬೇಲಿ. ಮಲೆನಾಡಿನ ಕಡೆ ಐಬೆಕ್ಸ್ ಅಂತಲೇ ಕರೆಯೋದು, ಯಾವ ಕಂಪನಿಯದಾದರೂ ಸರಿ. ಮೊದಲೇ ಹೇಳಿಬಿಡ್ತೀನಿ: ಪಂಪ್‌ಸೆಟ್ ಲೈನಿನಿಂದ ನೇರ ಕರೆಂಟ್ ಕೊಡೋದು ಬೇಲಿಯಲ್ಲ, ಕೊಲೆ. 230 ವೋಲ್ಟ್ ಬಿಡದೆ ಹರಿಯುತ್ತದೆ, ಹಿಡಿದ ಕೈ ಬಿಡಿಸಿಕೊಳ್ಳೋಕೆ ಆಗಲ್ಲ. ಎನರ್ಜೈಸರ್ ಹಾಗಲ್ಲ. ಸಾವಿರಾರು ವೋಲ್ಟ್ ಇದ್ದರೂ ಅದು ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನ ಏಟು, ಎರಡು ಏಟಿನ ನಡುವೆ ಒಂದು ಸೆಕೆಂಡಿನಷ್ಟು ಬಿಡುವು. ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತೆ, ಸಾಯಲ್ಲ.

ಕಂಬ ನೆಡೋದು, ಜಿಐ ತಂತಿ ಎಳೆಯೋದು, ಇನ್ಸುಲೇಟರ್ ಕಟ್ಟೋದು ಎಲ್ಲ ನೀವೇ ಮಾಡಿ, ಕೂಲಿ ಉಳಿಯುತ್ತೆ. ಎನರ್ಜೈಸರ್ ಮಾತ್ರ ಮನೆಯಲ್ಲಿ ಕಟ್ಟಬೇಡಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗೋ ಬರೀ ಸರ್ಕ್ಯೂಟ್ ಬೋರ್ಡನ್ನೂ ತಗೋಬೇಡಿ. ಐಇಸಿ 60335-2-76 ಮಾನದಂಡದ ಪ್ರಕಾರ ಇದೆಯಾ ಅಂತ ಕೇಳಿ, ಬಿಲ್ ಹಾಕಿಸಿಕೊಳ್ಳಿ.

ಅಂಗಡಿಯವರು 'ಎಷ್ಟು ಎಕರೆಗೆ' ಅಂತ ಹೇಳಿ ಮಾರುತ್ತಾರೆ. ಅದನ್ನು ಪೂರ್ತಿ ನಂಬಬೇಡಿ, ಹುಲ್ಲು ತಾಗಿದ ಬೇಲಿಗೆ ಆ ಲೆಕ್ಕ ಬರಲ್ಲ. ಬ್ಯಾಟರಿ ಲೆಕ್ಕ ನೀವೇ ಹಾಕಬಹುದು. ಯಂತ್ರ 300 ಮಿಲಿಆಂಪ್ ಎಳೆಯುತ್ತೆ ಅಂದರೆ ದಿನಕ್ಕೆ 7.2 ಆಂಪ್-ಅವರ್. ಜಡಿಮಳೆಯಲ್ಲಿ 4 ದಿನ ಬಿಸಿಲಿಲ್ಲ ಅಂದರೆ ಸುಮಾರು 29. ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿಯಬಾರದು, ಹಾಗಾಗಿ 60 ಆಂಪ್-ಅವರ್‌ನದು ಬೇಕು. ಟ್ರ್ಯಾಕ್ಟರಿನ ಹಳೇ ಬ್ಯಾಟರಿ ಇದಕ್ಕೆ ಬಾಳಲ್ಲ.

ಎಲ್ಲರೂ ಜಿಪುಣತನ ಮಾಡೋದು ಅರ್ಥಿಂಗ್‌ನಲ್ಲಿ. ಏಟು ಪ್ರಾಣಿಯ ಮೈಯಿಂದ ಮಣ್ಣಿಗೆ ಇಳಿದು ಯಂತ್ರಕ್ಕೆ ವಾಪಸ್ ಬಂದರೆ ಮಾತ್ರ ಕೆಲಸ. ಒಂದು ಸರಳು ಚುಚ್ಚಿದರೆ ಬೇಸಿಗೆಯ ಒಣ ಮಣ್ಣಲ್ಲಿ ಏನೂ ಆಗಲ್ಲ, ಹಂದಿ ತಂತಿ ಸರಿಸಿ ಒಳಗೆ ಬರುತ್ತೆ, ನೀವು ಕಂಪನಿಯನ್ನು ಬೈತೀರಿ. ಕನಿಷ್ಠ ಮೂರು ಜಿಐ ಸರಳು, ಐದಾರು ಅಡಿ ಆಳ, ಒಂದರಿಂದೊಂದಕ್ಕೆ ಹತ್ತು ಅಡಿ ದೂರ. ಮನೆಯ ಕರೆಂಟಿನ ಅರ್ಥಿಂಗ್‌ನಿಂದ ದೂರವಿರಲಿ. ಸಿಡಿಲು ತಡೆಯೋ ಅರೆಸ್ಟರ್‌ಗೆ ಬೇರೆಯೇ ಸರಳು.

ಹಂದಿ ಹಾರೋದಕ್ಕಿಂತ ಮೂತಿ ಹಾಕಿ ನುಗ್ಗೋದೇ ಜಾಸ್ತಿ. ಕೆಳಗಿನ ತಂತಿ ನೆಲದಿಂದ ಅರ್ಧ ಅಡಿಯಿಂದ ಮುಕ್ಕಾಲು ಅಡಿಯೊಳಗೆ ಇರಲಿ, ಎರಡನೇದು ಒಂದೂವರೆ ಅಡಿ. ಕೆಳಗಿನ ತಂತಿಗೇ ಹುಲ್ಲು ತಾಗೋದು, ಹದಿನೈದು ದಿನಕ್ಕೊಮ್ಮೆ ಕುಡುಗೋಲು ಹಿಡೀಲೇಬೇಕು. ದಾರಿಯ ಪಕ್ಕ ಕನ್ನಡದಲ್ಲಿ ಎಚ್ಚರಿಕೆ ಬೋರ್ಡ್ ಹಾಕಿ, ಓದೋಕೆ ಬಾರದವರಿಗೆ ಮಿಂಚಿನ ಚಿತ್ರವೂ ಇರಲಿ. ಹೊರಡೋ ಮುಂಚೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಸಹಾಯಧನ ವಿಚಾರಿಸಿ, ಹಾಳಾದ ಬೆಳೆಗೆ ಪರಿಹಾರದ ಅರ್ಜಿಯನ್ನೂ ಅಲ್ಲೇ ಕೊಡಿ. ಫೋಟೊ ತೆಗೆಯೋದು ಹೊಲ ಉಳೋಕೆ ಮೊದಲು.